ಅಳಿಸಿದ್ದು ನಿಜವಾಗಿ ಅಳಿಯುತ್ತದೆಯೇ? ಹಾರ್ಡ್ ಡಿಸ್ಕ್ ಕುರಿತ ಒಂದು ಬೋಧನಾಭ್ಯಾಸ ಪಾಠ

ತರಗತಿ: 9
ವಿಷಯ: ಗಣಕ ಶಿಕ್ಷಣ
ಅವಧಿ: 40 ನಿಮಿಷಗಳ 2 ತರಗತಿಗಳು

ಪಾಠದ ಆಯ್ಕೆಗೆ ಕಾರಣ

ನಾನು ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆಯಲ್ಲಿ ಐದು ಹಳೆಯ ಗಣಕಯಂತ್ರಗಳನ್ನು ಇ-ತ್ಯಾಜ್ಯಕ್ಕೆ ಕೊಡುವ ಸಿದ್ಧತೆ ನಡೆದಿತ್ತು. ಹಲವು ವರ್ಷಗಳ ದಾಖಲಾತಿ ವಿವರ, ವಿದ್ಯಾರ್ಥಿವೇತನಕ್ಕಾಗಿ ಪಡೆದ ಬ್ಯಾಂಕ್ ಖಾತೆ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಸ್ಕ್ಯಾನ್ ಪ್ರತಿ ಎಲ್ಲವೂ ಅವುಗಳಲ್ಲೇ ಇದ್ದವು. ಎಲ್ಲ ಫೈಲುಗಳನ್ನೂ ಡಿಲೀಟ್ ಮಾಡಲಾಗಿದೆ ಎಂಬ ನಂಬಿಕೆ ಶಾಲೆಯಲ್ಲಿತ್ತು. ಡಿಲೀಟ್, ಫಾರ್ಮ್ಯಾಟ್, ಶಾಶ್ವತ ಅಳಿಸುವಿಕೆ ಇವು ಮೂರೂ ಬೇರೆ ಬೇರೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ ಎಂದು ಈ ಪಾಠ ಯೋಜಿಸಿದೆ.

ಕಲಿಕಾ ಉದ್ದೇಶಗಳು

1. ಡಿಲೀಟ್, ಕ್ವಿಕ್ ಫಾರ್ಮ್ಯಾಟ್ ಮತ್ತು ಮೇಲ್ಬರಹದ ವ್ಯತ್ಯಾಸವನ್ನು ವಿವರಿಸುವುದು.
2. ಡಿಸ್ಕನ್ನು ಪೂರ್ತಿ ಅಳಿಸಲು ಬೇಕಾಗುವ ಸಮಯವನ್ನು ಲೆಕ್ಕ ಹಾಕುವುದು.
3. ಸಾಧನಕ್ಕೆ ತಕ್ಕ ಅಳಿಸುವ ವಿಧಾನವನ್ನು ಆರಿಸುವುದು.
4. ಇತರರ ಮಾಹಿತಿಯನ್ನು ಗೌರವಿಸುವುದು.

ಬೋಧನೋಪಕರಣಗಳು

32 ಚೌಕಗಳ ಚಾರ್ಟ್, 1 ಜಿಬಿಯ ಹಳೆಯ ಪೆನ್ ಡ್ರೈವ್, ನಾನೇ ತೆಗೆದ 12 ಹೂವುಗಳ ಫೋಟೊ, ಫೋಟೊರೆಕ್ ಎಂಬ ಉಚಿತ ತಂತ್ರಾಂಶ, ಕೆಟ್ಟುಹೋಗಿದ್ದ ಒಂದು ಹಾರ್ಡ್ ಡಿಸ್ಕ್ (ಮುಚ್ಚಳ ತೆಗೆದದ್ದು).

ಮೊದಲನೆಯ ತರಗತಿ

ಪೂರ್ವಜ್ಞಾನ ತಿಳಿಯಲು, "ರೀಸೈಕಲ್ ಬಿನ್ ಖಾಲಿ ಮಾಡಿದರೆ ಫೈಲು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದೆ. "ಎಲ್ಲಿಗೂ ಇಲ್ಲ, ಸುಟ್ಟುಹೋಗುತ್ತದೆ" ಎಂಬ ಉತ್ತರವೇ ಹೆಚ್ಚು ಬಂತು.

ಚಾರ್ಟಿನ ಮೊದಲ ಸಾಲನ್ನು ಪರಿವಿಡಿ ಎಂದೂ ಉಳಿದ ಚೌಕಗಳನ್ನು ಪುಟಗಳೆಂದೂ ಕರೆದೆವು. ಮಕ್ಕಳು ಚೌಕಗಳಲ್ಲಿ ಗಾದೆಗಳ ತುಣುಕು ಬರೆದು, ಯಾವ ಗಾದೆ ಎಲ್ಲಿದೆ ಎಂದು ಪರಿವಿಡಿಯಲ್ಲಿ ನಮೂದಿಸಿದರು. ಬಳಿಕ ಪರಿವಿಡಿಯ ಒಂದು ನಮೂದಿಗೆ ಮಾತ್ರ ಗೆರೆ ಎಳೆದೆ. ಇದು ಡಿಲೀಟ್. ಇಡೀ ಪರಿವಿಡಿಯನ್ನು ಒರೆಸಿ ಹೊಸ ಖಾಲಿ ಪರಿವಿಡಿ ಅಂಟಿಸಿದೆ. ಇದು ಕ್ವಿಕ್ ಫಾರ್ಮ್ಯಾಟ್. "ಈಗ ಗಾದೆ ಓದಬಹುದೇ?" ಎಂದಾಗ ಹಿಂದಿನ ಸಾಲಿನವರೂ ಎದ್ದುನಿಂತು ಓದಿಬಿಟ್ಟರು. ಕೊನೆಗೆ ಪ್ರತಿ ಚೌಕದ ಬರಹ ಒರೆಸಿ 0 ಬರೆದೆವು. ಆಗ ಓದಲು ಏನೂ ಉಳಿಯಲಿಲ್ಲ. ಇದು ಮೇಲ್ಬರಹ.

ಬಳಿಕ ನಿಜವಾದ ಪ್ರಾತ್ಯಕ್ಷಿಕೆ. ಪೆನ್ ಡ್ರೈವಿಗೆ 12 ಫೋಟೊ ಹಾಕಿ ಕ್ವಿಕ್ ಫಾರ್ಮ್ಯಾಟ್ ಮಾಡಿದೆ. ಕೆಲವೇ ಸೆಕೆಂಡುಗಳಲ್ಲಿ ಮುಗಿಯಿತು, ಡ್ರೈವ್ ಖಾಲಿ ಎಂದು ತೋರಿಸಿತು. ಫೋಟೊರೆಕ್ ಓಡಿಸಿದಾಗ 12 ಹೂವುಗಳೂ ಮರಳಿದವು. ಒಬ್ಬ ವಿದ್ಯಾರ್ಥಿನಿ, "ಮಿಸ್, ಫೋಟೊ ಬಂತು, ಆದರೆ ಹೆಸರು ಬದಲಾಗಿದೆ" ಎಂದು ಗಮನಿಸಿದಳು. ಹೆಸರು ಇದ್ದದ್ದು ಪರಿವಿಡಿಯಲ್ಲಿ, ಚಿತ್ರ ಇದ್ದದ್ದು ಪುಟಗಳಲ್ಲಿ ಎಂದು ತರಗತಿಯೇ ಉತ್ತರಿಸಿತು. ಪ್ರತಿ ಜೆಪೆಗ್ ಚಿತ್ರವೂ ಒಂದೇ ಬಗೆಯ ಗುರುತಿನ ಬೈಟ್‌ಗಳಿಂದ ಆರಂಭವಾಗುತ್ತದೆ. ತಂತ್ರಾಂಶ ಆ ಗುರುತನ್ನು ಹುಡುಕುತ್ತಾ ಹೋಗುವುದರಿಂದ ಅದಕ್ಕೆ ಪರಿವಿಡಿ ಬೇಕಿಲ್ಲ.

ಎರಡನೆಯ ತರಗತಿ

ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯಲ್ಲಿ "ಕ್ವಿಕ್ ಫಾರ್ಮ್ಯಾಟ್" ಗುರುತನ್ನು ತೆಗೆದು ಅದೇ ಡ್ರೈವನ್ನು ಪೂರ್ಣ ಫಾರ್ಮ್ಯಾಟ್ ಮಾಡಿದೆವು. ಈ ಬಾರಿ ಕೆಲವು ನಿಮಿಷಗಳೇ ಬೇಕಾದವು. ಫೋಟೊರೆಕ್‌ಗೆ ಒಂದು ಹೂವೂ ಸಿಗಲಿಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಇಡೀ ವಿಭಾಗಕ್ಕೆ ಸೊನ್ನೆ ಬರೆಯುತ್ತದೆ. ಎಕ್ಸ್‌ಪಿಯಲ್ಲಿ ಅದು ಕೆಟ್ಟ ಸೆಕ್ಟರುಗಳನ್ನು ಪರೀಕ್ಷಿಸುತ್ತಿತ್ತು, ಹಳೆಯ ಮಾಹಿತಿಯನ್ನು ಅಳಿಸುತ್ತಿರಲಿಲ್ಲ. ಹಾಗಾಗಿ ಎಕ್ಸ್‌ಪಿ ಕಾಲದಲ್ಲಿ "ಪೂರ್ಣ ಫಾರ್ಮ್ಯಾಟ್" ಆದ ಡಿಸ್ಕುಗಳನ್ನೂ ನಂಬುವಂತಿಲ್ಲ.

ಇಲ್ಲಿ ಗಣಿತವನ್ನು ಜೋಡಿಸಿದೆ. 500 ಜಿಬಿ ಡಿಸ್ಕಿಗೆ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಬರೆದರೆ 5,000 ಸೆಕೆಂಡು, ಅಂದರೆ ಸುಮಾರು 83 ನಿಮಿಷ. "ಹತ್ತು ಸೆಕೆಂಡಿನಲ್ಲಿ ಎಲ್ಲ ಅಳಿಸಿದೆ" ಎಂದು ಯಾರಾದರೂ ಹೇಳಿದರೆ ನಂಬಬೇಕೇ ಎಂಬ ಪ್ರಶ್ನೆಗೆ ಮಕ್ಕಳು ಭಾಗಾಕಾರದಿಂದಲೇ ಉತ್ತರ ಕೊಟ್ಟರು.

"ಎಷ್ಟು ಸಲ ಬರೆಯಬೇಕು?" ಎಂಬ ಪ್ರಶ್ನೆಯೂ ಬಂತು. 1996ರಲ್ಲಿ ಪೀಟರ್ ಗುಟ್‌ಮನ್ ಅವರ ಪ್ರಬಂಧ 35 ಸಲದ ಕ್ರಮವನ್ನು ಸೂಚಿಸಿತ್ತು. ಅದು ಆ ಕಾಲದ ಬೇರೆ ಬೇರೆ ಬಗೆಯ ಡಿಸ್ಕುಗಳನ್ನೆಲ್ಲ ಗಮನದಲ್ಲಿಟ್ಟುಕೊಂಡ ಪಟ್ಟಿ. ಇಂದಿನ ಹಾರ್ಡ್ ಡಿಸ್ಕಿಗೆ ಒಮ್ಮೆ ಪೂರ್ತಿ ಮೇಲ್ಬರಹ ಸಾಮಾನ್ಯವಾಗಿ ಸಾಕು. ಹಳೆಯ ಡಿಸ್ಕುಗಳ ಸ್ಥಿತಿ ತಿಳಿಸಲು 2003ರಲ್ಲಿ ಅಮೆರಿಕದಲ್ಲಿ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಪ್ರಕಟಿಸಿದ ಅಧ್ಯಯನವನ್ನು ಹೇಳಿದೆ. ಅವರು ಕೊಂಡ 158 ಬಳಸಿದ ಡಿಸ್ಕುಗಳಲ್ಲಿ ಓದಲು ಬಂದವು 129. ಸರಿಯಾಗಿ ಅಳಿಸಿದ್ದು 12 ಮಾತ್ರ.

ಸಾಧನಕ್ಕೆ ತಕ್ಕ ವಿಧಾನ

ಕಪ್ಪುಹಲಗೆಯ ಸಾರಾಂಶ ಹೀಗಿತ್ತು:

• ತಿರುಗುವ ಹಾರ್ಡ್ ಡಿಸ್ಕ್: ಪೂರ್ಣ ಫಾರ್ಮ್ಯಾಟ್, ಅಥವಾ ಇಡೀ ಡಿಸ್ಕಿಗೆ ಸೊನ್ನೆ ಬರೆಯುವ ಡಿಸ್ಕ್‌ಪಾರ್ಟ್‌ನ "ಕ್ಲೀನ್ ಆಲ್" ಆದೇಶ. ವಿಂಡೋಸ್ ತಾನು ಓಡುತ್ತಿರುವ ಡ್ರೈವನ್ನು ತಾನೇ ಫಾರ್ಮ್ಯಾಟ್ ಮಾಡಲಾರದು. ಆ ಡಿಸ್ಕನ್ನು ಇನ್ನೊಂದು ಗಣಕಕ್ಕೆ ಜೋಡಿಸಬೇಕು ಇಲ್ಲವೇ ಪೆನ್ ಡ್ರೈವಿನಿಂದ ಬೂಟ್ ಮಾಡಬೇಕು.
• ಎಸ್‌ಎಸ್‌ಡಿ: ಇದು ಬರಹವನ್ನು ಬೇರೆ ಬೇರೆ ಕೋಶಗಳಿಗೆ ಹಂಚುತ್ತದೆ, ನಮಗೆ ಕಾಣದ ಹೆಚ್ಚುವರಿ ಜಾಗವನ್ನೂ ಇಟ್ಟುಕೊಂಡಿರುತ್ತದೆ. ಆದ್ದರಿಂದ ಮೇಲ್ಬರಹ ಎಲ್ಲ ಕೋಶಗಳನ್ನೂ ಮುಟ್ಟುತ್ತದೆಂಬ ಖಾತ್ರಿಯಿಲ್ಲ. ತಯಾರಕರ ತಂತ್ರಾಂಶದಲ್ಲಿರುವ "ಸೆಕ್ಯೂರ್ ಇರೇಸ್" ಬಳಸಬೇಕು.
• ಮೊಬೈಲ್: ಇತ್ತೀಚಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ, ಫ್ಯಾಕ್ಟರಿ ರೀಸೆಟ್ ಅದರ ಕೀಲಿಯನ್ನು ನಾಶಮಾಡುತ್ತದೆ. ಮೆಮೊರಿ ಕಾರ್ಡನ್ನು ಮರೆಯದೆ ಹೊರತೆಗೆಯಬೇಕು.
• ಓಡದ ಡಿಸ್ಕ್: ಮೇಲ್ಬರಹ ಅಸಾಧ್ಯ, ಭೌತಿಕ ನಾಶವೇ ದಾರಿ. ಕೆಲವು ಡಿಸ್ಕುಗಳ ಫಲಕ ಗಾಜಿನದು, ಆದ್ದರಿಂದ ಮಕ್ಕಳು ಸುತ್ತಿಗೆ ಹಿಡಿಯಬಾರದು.

ಪೆನ್ ಡ್ರೈವ್ ಕೂಡ ಎಸ್‌ಎಸ್‌ಡಿಯಂತೆ ಫ್ಲ್ಯಾಶ್ ಕೋಶಗಳದ್ದೇ. ನಮ್ಮ ಪ್ರಾತ್ಯಕ್ಷಿಕೆ ತೋರಿಸಿದ್ದು ಸಾಮಾನ್ಯ ತಂತ್ರಾಂಶಕ್ಕೆ ಏನು ಕಾಣುತ್ತದೆ ಎಂಬುದನ್ನಷ್ಟೇ ಎಂದು ತರಗತಿಗೆ ತಿಳಿಸಿದೆ.

ಮೌಲ್ಯಮಾಪನ ಮತ್ತು ಚರ್ಚೆ

"ನಿಮ್ಮ ಮನೆಯ ಹಳೆಯ ಫೋನನ್ನು ಮಾರುವ ಮೊದಲು ಮಾಡುವ ಕೆಲಸಗಳನ್ನು ಕ್ರಮವಾಗಿ ಬರೆಯಿರಿ" ಎಂಬುದು ಮೌಲ್ಯಮಾಪನದ ಪ್ರಶ್ನೆ. ಮೊದಲು ಬ್ಯಾಕಪ್, ಆಮೇಲೆ ಅಳಿಸುವಿಕೆ, ಕೊನೆಗೆ ಪರಿಶೀಲನೆ ಎಂಬ ಕ್ರಮವನ್ನು ಹೆಚ್ಚಿನವರು ಹಿಡಿದರು. ಪರಿಶೀಲನೆಯನ್ನು ಬಿಟ್ಟವರಿಗೆ ಹೂವಿನ ಫೋಟೊಗಳನ್ನು ನೆನಪಿಸಿದೆ.

ತರಗತಿಯಲ್ಲಿ ಒಬ್ಬ ಹುಡುಗ, "ನಮ್ಮ ಅಕ್ಕನೂ ಇಲ್ಲೇ ಓದಿದ್ದು, ಅವಳ ಬ್ಯಾಂಕ್ ನಂಬರ್ ಮೂಲೆಯ ಕಂಪ್ಯೂಟರಿನಲ್ಲಿ ಇದೆಯೇ?" ಎಂದು ಕೇಳಿದ. ಇರಬಹುದು ಎಂದೆ. ಈ ಪ್ರಶ್ನೆಯನ್ನು ಮುಖ್ಯ ಶಿಕ್ಷಕರ ಗಮನಕ್ಕೆ ತಂದಾಗ ಅವರು ಗಣಕಗಳ ಹಸ್ತಾಂತರವನ್ನು ತಡೆಹಿಡಿದರು. ಗಣಕ ಶಿಕ್ಷಕರು ನಾಲ್ಕು ಡಿಸ್ಕುಗಳಿಗೆ ಸೊನ್ನೆ ಬರೆದು ಪರಿಶೀಲಿಸಿದರು. ಓಡದ ಐದನೆಯದನ್ನು ನಾಶಪಡಿಸಲು ಬೇರ್ಪಡಿಸಿಟ್ಟರು.

ವಿಮರ್ಶಾ ಸಭೆಯಲ್ಲಿ ಮಾರ್ಗದರ್ಶಿ ಉಪನ್ಯಾಸಕರು, "ಮರಳಿ ಪಡೆಯುವ ವಿದ್ಯೆಯನ್ನು ಮಕ್ಕಳಿಗೆ ಕಲಿಸುವುದು ಸರಿಯೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಈ ತಂತ್ರಾಂಶ ಯಾರಿಗೂ ಗುಟ್ಟಲ್ಲ, ಅಪಾಯವನ್ನು ಕಣ್ಣಾರೆ ಕಾಣದೆ ಎಚ್ಚರ ಮೂಡುವುದೂ ಕಷ್ಟ ಎಂಬುದು ನನ್ನ ನಿಲುವು. ಆದರೆ ನನ್ನದಲ್ಲದ ಸಾಧನದಲ್ಲಿ ಹುಡುಕುವುದಿಲ್ಲ ಎಂಬ ನಿಯಮವನ್ನು ಪ್ರಾತ್ಯಕ್ಷಿಕೆಗೂ ಮೊದಲೇ ಮಕ್ಕಳಿಂದ ಹೇಳಿಸಬೇಕು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಪ್ರಾತ್ಯಕ್ಷಿಕೆಗೆ ನಿಮ್ಮದೇ ಪೆನ್ ಡ್ರೈವ್, ನಿಮ್ಮದೇ ಫೋಟೊ ಬಳಸಿ. 1 ಜಿಬಿಗಿಂತ ದೊಡ್ಡದಾದರೆ ಅವಧಿ ಸಾಲದು. "ಕ್ಲೀನ್ ಆಲ್" ಆದೇಶವನ್ನು ಮಕ್ಕಳಿಂದ ಮಾಡಿಸಬೇಡಿ: ಡಿಸ್ಕಿನ ಸಂಖ್ಯೆ ಒಂದು ತಪ್ಪಿದರೂ ಬೇರೆ ಡಿಸ್ಕ್ ಖಾಲಿಯಾಗುತ್ತದೆ, ಹಿಂದಿರುಗುವ ದಾರಿಯಿಲ್ಲ. ಚಾರ್ಟಿನ ಚಟುವಟಿಕೆಗೆ ಗಣಕವೂ ವಿದ್ಯುತ್ತೂ ಬೇಡ, ಆದ್ದರಿಂದ ಪ್ರಯೋಗಾಲಯವಿಲ್ಲದ ಶಾಲೆಯಲ್ಲೂ ಪಾಠದ ಮೊದಲ ಅರ್ಧವನ್ನು ನಡೆಸಬಹುದು.