ಸಪ್ಪಳ ಬರುವ ಮೊದಲೇ ರಬ್ಬರ್ ನೋಡಿ

ಕೋಡ್ಲಾ, ಸೇಡಂ, ಮಳಖೇಡ, ಅತ್ತ ಚಿತ್ತಾಪುರ, ವಾಡಿ, ಶಹಾಬಾದ್. ಈ ಸುತ್ತಿನ ಹಳೇ ಕಾರುಗಳ ಕೆಳಗೆ ಮಲಗಿಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಮಾರುತಿ 800 ತಯಾರಾಗುವುದು ನಿಂತದ್ದು 2014ರಲ್ಲಿ. ಆದರೂ ನಮ್ಮ ಕಡೆ ಅದು ಇನ್ನೂ ಹೊಲಕ್ಕೆ, ಸಂತೆಗೆ, ಮದುವೆಗೆ ಓಡುತ್ತಿದೆ. ಝೆನ್, ಆಲ್ಟೊ, ವ್ಯಾಗನ್ ಆರ್, ಇಂಡಿಕಾ ಕೂಡ ಹಾಗೆಯೇ. ಇವೆಲ್ಲ ಮುಂದಿನ ಗಾಲಿ ಎಳೆಯುವ ಗಾಡಿಗಳು. ಅಂಬಾಸಿಡರ್, ಜೀಪಿನ ಮೇಲೆ ಕೈ ಪಳಗಿಸಿಕೊಂಡ ಹಿಂದಿನ ಮಿಸ್ತ್ರಿಗಳು ಕ್ರಾಸ್‌ಗೆ ನಿಪ್ಪಲ್‌ನಲ್ಲಿ ಗ್ರೀಸ್ ಹೊಡೆದು ಮುಗಿಸುತ್ತಿದ್ದರು. ಇಲ್ಲಿ ಆ ಅನುಕೂಲ ಇಲ್ಲ. ಗಾಲಿ ತಿರುಗಿಸುವ ಎಕ್ಸೆಲ್‌ನ ಎರಡೂ ತುದಿಯ ಜಾಯಿಂಟ್‌ನ ಗ್ರೀಸ್ ಒಮ್ಮೆ ತುಂಬಿದ್ದೇ ತುಂಬಿದ್ದು. ಅದನ್ನು ಕಾಯುವುದು ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಬೂಟು. ಗಾಡಿಗೆ ನಾಲ್ಕು ಬೂಟು: ಗಾಲಿ ಕಡೆ ಎರಡು, ಗೇರ್‌ಬಾಕ್ಸ್ ಕಡೆ ಎರಡು.

1. ಸಪ್ಪಳ ಬಂದಮೇಲೆ ಬೂಟು ಹಾಕಿ ಪ್ರಯೋಜನ ಇಲ್ಲ.

"ಅಣ್ಣಾ, ಗಾಡಿ ಹೊಳ್ಳಿಸುವಾಗ ಕಟ್ ಕಟ್ ಅಂತದ, ಒಂದ್ ಬೂಟ್ ಹಾಕಿಬಿಡ್ರಿ" ಅಂತ ಬರುವವರೇ ಹೆಚ್ಚು. ಗಾಲಿ ಕಡೆಯ ಜಾಯಿಂಟ್‌ನೊಳಗೆ ಆರು ಉಕ್ಕಿನ ಗುಂಡುಗಳು ತಮ್ಮ ತಮ್ಮ ತೋಡಿನಲ್ಲಿ ಓಡಾಡುತ್ತವೆ. ಬೂಟು ಹರಿದರೆ ಮೊದಲು ಗ್ರೀಸ್ ಹೊರಗೆ ಹಾರುತ್ತದೆ, ಆಮೇಲೆ ಧೂಳು ಒಳಗೆ ಸೇರುತ್ತದೆ, ಗುಂಡು ಓಡುವ ಜಾಗ ಕುಳಿ ಬೀಳುತ್ತದೆ. ಕಟ್ ಕಟ್ ಅನ್ನುವುದು ಆ ಕುಳಿಯ ಸಪ್ಪಳ. ಹೊಸ ಬೂಟಿನಿಂದ ಕುಳಿ ತುಂಬುವುದಿಲ್ಲ.

ಕೆಲಸ ಹೊಸದಿದ್ದಾಗ ನಾನೂ ತಪ್ಪಿದ್ದೇನೆ. ಚಿತ್ತಾಪುರ ಕಡೆಯ ಒಬ್ಬ ಮಾಸ್ತರರ 800ಗೆ, ಸಪ್ಪಳ ಕೇಳಿಸಿಕೊಂಡೂ ಬರೀ ಬೂಟು ಹಾಕಿ ಕಳಿಸಿದೆ. ಮೂರು ವಾರಕ್ಕೆ ವಾಪಸ್ ಬಂದರು. ಬೂಟು ಸರಿಯಾಗಿಯೇ ಇತ್ತು, ಸಪ್ಪಳ ಎರಡು ಪಟ್ಟಾಗಿತ್ತು. ಕೂಲಿ ತಿರುಗಿ ಕೊಟ್ಟೆ. ಬೂಟಿಗೆ ಹಾಕಿದ ಅವರ ದುಡ್ಡು ಮಾತ್ರ ಹೋಗಿಯೇ ಹೋಯಿತು. ಬೂಟು ನೂರರ ಲೆಕ್ಕ, ಜಾಯಿಂಟು ಸಾವಿರದ ಲೆಕ್ಕ. ಸಪ್ಪಳ ಇದ್ದರೆ ಈಗ ಮೊದಲೇ ಹೇಳಿಬಿಡುತ್ತೇನೆ.

2. ನೋಡುವುದಕ್ಕೆ ಐದು ನಿಮಿಷ ಸಾಕು.

ಸ್ಟೇರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿ, ಕುಕ್ಕರಗಾಲಲ್ಲಿ ಕೂತು ಬ್ಯಾಟರಿ ಬೆಳಕು ಬಿಡಿ. ಬಿರುಕು ಬೀಳುವುದು ಮಡಿಕೆಯ ತಗ್ಗಿನಲ್ಲಿ. ಮಡಿಕೆಯನ್ನು ಬೆರಳಿನಿಂದ ಬಿಡಿಸದಿದ್ದರೆ ಕಾಣುವುದಿಲ್ಲ. ಗಾಲಿಯ ಒಳಮೈ, ಲೋವರ್ ಆರ್ಮ್ ಕೂಡ ನೋಡಿ. ಸಿಮೆಂಟ್ ಲಾರಿಗಳ ಹಿಂದೆ ಓಡುವ ನಮ್ಮ ಗಾಡಿಗಳಲ್ಲಿ ಹಾರಿದ ಗ್ರೀಸಿನ ಮೇಲೆ ಬೂದು ಧೂಳು ಕೂತು ಕೆಸರಿನ ಹಾಗೆ ಗಟ್ಟಿಯಾಗಿರುತ್ತದೆ. ಕೆಸರೇ ಇರಬೇಕು ಅಂತ ಬಿಡುವವರು ಬಹಳ. ಉಗುರಿನಿಂದ ಕೆರೆಯಿರಿ. ಮಣ್ಣಾದರೆ ಉದುರುತ್ತದೆ, ಗ್ರೀಸಾದರೆ ಬೆರಳಿಗೆ ಅಂಟುತ್ತದೆ.

3. ನಮ್ಮ ನೆಲ ಬೂಟನ್ನು ಹರಿಯುವ ರೀತಿಯೇ ಬೇರೆ.

ಪುಸ್ತಕದಲ್ಲಿ ವಯಸ್ಸು, ಬಿಸಿಲು ಅಂತ ಬರೆದಿರುತ್ತದೆ. ಬಿಸಿಲು ನಮ್ಮಲ್ಲಿ ಬೇಕಾದಷ್ಟಿದೆ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟಿದಾಗ ಬಯಲಲ್ಲಿ ನಿಂತ ಹಳೇ ಗಾಡಿಯ ರಬ್ಬರ್ ಒಣ ರೊಟ್ಟಿಯ ಹಾಗೆ ಸೆಟೆಯುತ್ತದೆ. ಆದರೆ ನಾನು ಕಂಡದ್ದರಲ್ಲಿ ದೊಡ್ಡ ವೈರಿ ತೊಗರಿ ಕೂಳೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದ ಹೊಲದಲ್ಲಿ ಓರೆಯಾಗಿ ಕತ್ತರಿಸಿದ ಬುಡ ಸೂಜಿಯ ಹಾಗೆ ನಿಂತಿರುತ್ತದೆ. ರಾಶಿ ನೋಡಲು, ಬುತ್ತಿ ಒಯ್ಯಲು ಕಾರು ಹೊಲದೊಳಗೆ ಇಳಿದರೆ ಅದು ನೇರ ಬೂಟಿಗೇ ಚುಚ್ಚುತ್ತದೆ. ತೂತು ಸಣ್ಣದು, ಹೊರಗಿನಿಂದ ಕಾಣದು. ಮಾರ್ಚ್ ಹೊತ್ತಿಗೆ ಗ್ರೀಸ್ ಅರ್ಧ ಖಾಲಿಯಾಗಿರುತ್ತದೆ.

ಇನ್ನೊಂದು, ರಸ್ತೆ ಮೇಲೆ ಹರವಿದ ಹೆಸರು, ಉದ್ದು. ಗಾಡಿ ಹಾಯ್ದು ಕಾಳು ಬಿಡಲಿ ಅಂತ ಹರವುತ್ತಾರೆ. ಬಳ್ಳಿ ಎಕ್ಸೆಲ್‌ಗೆ ಸುತ್ತಿ ಹಗ್ಗದ ಹಾಗೆ ಹುರಿಗೊಂಡು ಬೂಟಿನ ಕುತ್ತಿಗೆಯನ್ನೇ ಕೊಯ್ಯುತ್ತದೆ. ಸುತ್ತಿಕೊಂಡದ್ದನ್ನು ಅವತ್ತೇ ಬಿಡಿಸಿ ತೆಗೆಯಿರಿ.

4. ಗಾಡಿಯ ಕೆಳಗೆ ಫರಸಿ ಪೇರಿಸಬೇಡಿ.

ಬೂಟು ಬದಲಿಸಲು ಕೂತವರಿಗೆ ಇದನ್ನು ಕೈ ಮುಗಿದು ಹೇಳುತ್ತೇನೆ. ಶಹಾಬಾದ್ ಫರಸಿ ನಮ್ಮಲ್ಲಿ ಎಲ್ಲಿ ನೋಡಿದರೂ ಬಿದ್ದಿರುತ್ತದೆ. ಜಾಕ್ ಎತ್ತಿ ನಾಲ್ಕು ತುಂಡು ಒಂದರ ಮೇಲೊಂದು ಇಟ್ಟು ಒಳಗೆ ಮಲಗುವುದನ್ನು ಕಣ್ಣಾರೆ ಕಂಡಿದ್ದೇನೆ. ಪದರ ಪದರವಾಗಿ ಸೀಳುವುದೇ ಆ ಕಲ್ಲಿನ ಗುಣ. ಅದಕ್ಕೇ ಅದು ನೆಲಕ್ಕೆ ಹಾಸುವ ಕಲ್ಲಾಗಿದೆ. ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸ ಅವತ್ತು ಬೇಡ. ಎಕ್ಸೆಲ್ ಎಳೆಯುವಾಗ ಗಾಡಿ ಅಲುಗಾಡುತ್ತದೆ, ನಮ್ಮ ತಲೆ ಕೆಳಗೇ ಇರುತ್ತದೆ.

ಗಾಲಿಯ ನಡುವಿನ ದೊಡ್ಡ ನಟ್ಟನ್ನು, ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲು, ಗಾಲಿ ನೆಲದ ಮೇಲಿದ್ದಾಗಲೇ ಸಡಿಲಿಸಿ. ಸಡಿಲಾದ ಮೇಲೆ ಗಾಡಿ ಉರುಳಿಸಬಾರದು, ಬೇರಿಂಗ್ ಹಾಳಾಗುತ್ತದೆ.

5. ಹೊರಗಿನ ಬೂಟಿಗೂ ಒಳಗಿನ ದಾರಿಯಿಂದಲೇ ಹೋಗಿ.

ಮಾರುತಿ ಗಾಡಿಗಳಲ್ಲಿ ಗಾಲಿ ಕಡೆಯ ಜಾಯಿಂಟನ್ನು ಹತೋಡಿಯಿಂದ ಬಡಿದು ಬಿಡಿಸುವ ಆಸೆ ಬೇಡ. ಗೇರ್ ಆಯಿಲ್ ಇಳಿಸಿ, ಎಕ್ಸೆಲ್ ಹೊರಗೆ ತೆಗೆದು, ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಬಿಚ್ಚಿ, ಆ ತುದಿಯಿಂದ ಎರಡೂ ಬೂಟು ಹಾಕಬೇಕು. ಮೂರು ರೋಲರ್‌ನ ಜಾಯಿಂಟ್ ಆಗಿದ್ದರೆ ಲಾಕ್ ಬಿಚ್ಚುವ ಮುಂಚೆ ರೋಲರ್ ಮತ್ತು ಎಕ್ಸೆಲ್ ಎರಡಕ್ಕೂ ಬಣ್ಣದ ಗುರುತು ಹಾಕಿ. ಎಕ್ಸೆಲ್ ತುದಿಯ ಹಲ್ಲುಗಳಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಹೊಸ ಬೂಟು ಜಾರುವಾಗಲೇ ಗೀರು ಬೀಳುತ್ತದೆ. ಹೇಗೂ ತೆರೆದಿದ್ದೀರಿ, ಒಳಗಿನ ಬೂಟು ಚೆನ್ನಾಗಿ ಕಂಡರೂ ಎರಡನ್ನೂ ಬದಲಿಸಿ.

6. ತೊಳೆಯುವುದೇ ಅಸಲಿ ಕೆಲಸ.

ಬೂಟು ಏರಿಸುವುದು ಹತ್ತು ನಿಮಿಷ. ತೊಳೆಯಲು ನಾನು ಒಂದು ತಾಸು ತೆಗೆದುಕೊಳ್ಳುತ್ತೇನೆ. ಹಳೇ ಗ್ರೀಸನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿ. ಬೆಣ್ಣೆಯ ಹಾಗೆ ನುಣ್ಣಗಿದ್ದರೆ ಜಾಯಿಂಟ್ ಉಳಿದಿದೆ. ರವೆಯ ಹಾಗೆ ಕಚಕಚ ಅಂದರೆ ಧೂಳು ಸೇರಿದೆ. ಸೀಮೆಎಣ್ಣೆಯಲ್ಲಿ ಜಾಯಿಂಟನ್ನು ಅತ್ತಿತ್ತ ಬಾಗಿಸುತ್ತ, ಎಣ್ಣೆ ತಿಳಿಯಾಗಿ ಬರುವ ತನಕ ತೊಳೆಯಬೇಕು. ಆಮೇಲೆ ಗಾಳಿ ಹೊಡೆದು ಪೂರ್ತಿ ಒಣಗಿಸಿ. ಎಣ್ಣೆ ಉಳಿದರೆ ಹೊಸ ಗ್ರೀಸ್ ನೀರಾಗುತ್ತದೆ. ಬೂಟಿನ ರಬ್ಬರಿಗೆ ಮಾತ್ರ ಸೀಮೆಎಣ್ಣೆ, ಪೆಟ್ರೋಲ್ ತಾಗಿಸಬೇಡಿ. ಒಣ ಬಟ್ಟೆ ಸಾಕು.

ಒಣಗಿದ ಗುಂಡುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿ. ಕುಳಿ, ಪದರ ಎದ್ದ ಗುರುತು ಕಂಡರೆ ಗಾಡಿಯವರನ್ನು ಕರೆದು ಅವರ ಕಣ್ಣಿಗೇ ತೋರಿಸಿ.

7. ಟ್ರ್ಯಾಕ್ಟರಿನ ಗ್ರೀಸ್ ಇದಕ್ಕಲ್ಲ. ಬೂಟು ಕಿಟ್‌ನ ಪೊಟ್ಟಣದಲ್ಲಿ ಬರುವ ಗ್ರೀಸನ್ನು, ಗಾಲಿ ಕಡೆಯಲ್ಲಿ ಸಾಮಾನ್ಯವಾಗಿ ಮಾಲಿಬ್ಡಿನಂ ಸೇರಿದ ಕರಿ ಗ್ರೀಸನ್ನು, ಪೂರ್ತಿ ಹಾಕಿ.

8. ಬೂಟಿನೊಳಗಿನ ಗಾಳಿ ಬಿಡಿ, ಆಮೇಲೆ ಕ್ಲಿಪ್ ಬಿಗಿಯಿರಿ.

ಬೂಟಿನ ಅಂಚಿನೊಳಗೆ ಮೊಂಡು ಸ್ಕ್ರೂಡ್ರೈವರ್ ತೂರಿಸಿದರೆ ಗಾಳಿ ಹದಕ್ಕೆ ಬರುತ್ತದೆ. ಇಲ್ಲದಿದ್ದರೆ ಮಡಿಕೆ ಒಳಗೆ ಸೊಟ್ಟಗಾಗಿ ಅಲ್ಲೇ ಸೀಳುತ್ತದೆ. ಕ್ಲಿಪ್ ಬದಲು ಕಟ್ಟಡದ ತಂತಿ ಸುತ್ತುವುದನ್ನು ಬಿಟ್ಟುಬಿಡಿ. ತಂತಿ ರಬ್ಬರನ್ನು ಕೊಯ್ಯುತ್ತದೆ, ಅದರ ತುದಿ ಪಕ್ಕದ ಪೈಪಿಗೂ ತಾಗುತ್ತದೆ.

9. ನಡುವಿನ ನಟ್ಟನ್ನು ಆ ಗಾಡಿಗೆ ಹೇಳಿದಷ್ಟೇ ಬಿಗಿ ಮಾಡಿ, ಸ್ಪ್ಲಿಟ್ ಪಿನ್ ಹೊಸದು ಹಾಕಿ. ಗೇರ್ ಆಯಿಲ್ ತುಂಬಿದ್ದೀರಾ ಅಂತ ಎರಡು ಸಲ ನೋಡಿ.

ಕೋಡ್ಲಾ ಸುತ್ತಿನ ಗಾಡಿಯವರಲ್ಲಿ ಒಂದೇ ಕೋರಿಕೆ. ತೊಗರಿ ರಾಶಿ ಮುಗಿದಮೇಲೆ ಒಂದು ಸಲ, ಜೂನ್ ಮಳೆಗೆ ಎರೆ ಮಣ್ಣು ಮೆತ್ತಿಕೊಳ್ಳುವ ಮೊದಲು ಒಂದು ಸಲ, ನಾಲ್ಕೂ ಬೂಟು ನೋಡಿಸಿ. ಯಾವ ಮಿಸ್ತ್ರಿ ಹತ್ತಿರವಾದರೂ ಸರಿ. ನನ್ನ ಹತ್ತಿರ ಬಂದರೆ ನೋಡಿದ್ದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.