ಹತ್ತುವ ಮೀನನ್ನು ಎಣಿಸುವವರು

ಹತ್ತುಮೀನು ಎಂದರೇನು ಎಂದು ನಮ್ಮ ಶಾಲೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಮೊದಲ ದೊಡ್ಡ ಮಳೆ ಹೊಡೆದು ಹಳ್ಳ ಕೆಂಪಗೆ ಬಂತೆಂದರೆ ಹೊಳೆಯ ಮೀನು ಹಳ್ಳಕ್ಕೆ, ಹಳ್ಳದ್ದು ಕಾಲುವೆಗೆ, ಕಾಲುವೆಯದ್ದು ಗದ್ದೆಗೆ ಮೊಟ್ಟೆ ಇಡಲು ಹತ್ತಿ ಬರುತ್ತದೆ. ಇದನ್ನು ಹಿಡಿಯುವುದು ನಮಗೆ ಗೊತ್ತು, ತಿನ್ನುವುದಂತೂ ಚೆನ್ನಾಗಿ ಗೊತ್ತು. ಎಣಿಸುವುದು ಮಾತ್ರ ಗೊತ್ತಿಲ್ಲ. ಹಾಗಾಗಿ ಹತ್ತುವ ಮೀನನ್ನು ಒಂದೊಂದಾಗಿ ಎಣಿಸುವ ಒಂದು ನದಿಯ ವಿಚಾರವನ್ನು ಈ ಸಲದ ಪತ್ರಿಕೆಗೆ ಬರೆದಿದ್ದೇನೆ. ಭೂಪಟ ಎದುರಿಗೆ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯನ್ನು ನೋಡಿ. ಕೆನಡಾದ ಪರ್ವತಗಳಲ್ಲಿ ಹುಟ್ಟುವ ಕೊಲಂಬಿಯಾ ನದಿ ಸುಮಾರು 2000 ಕಿ.ಮೀ. ಹರಿದು, ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳ ನಡುವೆ ಪೆಸಿಫಿಕ್ ಸಾಗರ ಸೇರುತ್ತದೆ. (ಇದು ವಾಷಿಂಗ್ಟನ್ ರಾಜ್ಯ. ಅಮೆರಿಕದ ರಾಜಧಾನಿ ವಾಷಿಂಗ್ಟನ್ ಇರುವುದು ಪೂರ್ವದ ತುದಿಯಲ್ಲಿ. ಪರೀಕ್ಷೆಯಲ್ಲಿ ಕಲಸಬೇಡಿ.) ಈ ನದಿಯ ಹತ್ತುಮೀನಿನ ಹೆಸರು ಸಾಲ್ಮನ್. ಅದರಲ್ಲಿ ಹಲವು ಜಾತಿಗಳಿವೆ, ಎಲ್ಲಕ್ಕಿಂತ ದೊಡ್ಡದು ಚಿನೂಕ್.

ನಮ್ಮ ಹತ್ತುಮೀನಿಗೂ ಸಾಲ್ಮನ್‌ಗೂ ಒಂದು ವ್ಯತ್ಯಾಸ ಇದೆ. ನಮ್ಮದು ಹೊಳೆಯಿಂದ ಗದ್ದೆಗೆ ಬಂದು, ಮೊಟ್ಟೆ ಇಟ್ಟು, ಬದುಕಿದ್ದರೆ ವಾಪಸು ಹೊಳೆಗೆ ಹೋಗುತ್ತದೆ. ಚಿನೂಕ್ ಹುಟ್ಟುವುದು ಬೆಟ್ಟದ ತಣ್ಣನೆಯ ತೊರೆಯ ಜಲ್ಲಿಕಲ್ಲಿನ ನಡುವೆ. ಮರಿ ಬೆಳೆದು ನದಿಯಲ್ಲಿ ಇಳಿದು ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಕೆಲವು ವರ್ಷ ತಿಂದು ಕೊಬ್ಬಿ, ಮೊಟ್ಟೆ ಇಡುವ ಕಾಲಕ್ಕೆ ತಾನು ಹುಟ್ಟಿದ ತೊರೆಗೇ ಹುಡುಕಿಕೊಂಡು ಬರುತ್ತದೆ. ಹೇಗೆ ಗೊತ್ತಾಗುತ್ತದೆ ಅಂತೀರಾ? ವಾಸನೆಯಿಂದ. ಒಂದೊಂದು ತೊರೆಯ ಮಣ್ಣು, ಗಿಡ, ಕಲ್ಲಿಗೆ ತಕ್ಕಂತೆ ನೀರಿಗೆ ಒಂದೊಂದು ವಾಸನೆ. ಮರಿಯಾಗಿದ್ದಾಗ ಹಿಡಿದ ಆ ವಾಸನೆ ಅದಕ್ಕೆ ಮರೆಯುವುದಿಲ್ಲ. ನದಿಗೆ ಬಾಯಿಟ್ಟ ಮೇಲೆ ಅದು ಊಟವನ್ನೇ ಬಿಡುತ್ತದೆ. ಮೈಯಲ್ಲಿರುವ ಕೊಬ್ಬನ್ನು ಸುಟ್ಟುಕೊಂಡು ಹತ್ತುತ್ತದೆ, ಮೊಟ್ಟೆ ಇಡುತ್ತದೆ, ಸಾಯುತ್ತದೆ.

ವಸಂತಕಾಲದಲ್ಲಿ ಬರುವ ಚಿನೂಕ್‌ಗೆ ಅಲ್ಲಿ ಎಲ್ಲಿಲ್ಲದ ಬೆಲೆ. ಅದು ಮೊಟ್ಟೆ ಇಡುವುದು ಬೇಸಿಗೆ ಮುಗಿಯುವಾಗ, ಆದರೆ ನದಿಗೆ ಬರುವುದು ಮಾರ್ಚ್‌ನಿಂದ ಮೇ ತಿಂಗಳೊಳಗೆ. ಹಿಮ ಕರಗಿ ನದಿ ಉಕ್ಕುವ ಕಾಲ ಅದು. ಆ ನೀರಿನ ಬಲದಲ್ಲಿ ದೂರದ ಬೆಟ್ಟಕ್ಕೆ ಹೋಗಿ, ಆಳವಾದ ತಂಪು ಗುಂಡಿಗಳಲ್ಲಿ ಬೇಸಿಗೆ ಕಳೆಯುತ್ತದೆ. ಅಷ್ಟು ತಿಂಗಳು ಉಪವಾಸ ಇರಬೇಕಾದ್ದರಿಂದ ಮೈತುಂಬ ಕೊಬ್ಬು ಇಟ್ಟುಕೊಂಡೇ ಬರುತ್ತದೆ. ರುಚಿ ಅದರಿಂದಲೇ. ಗಾಳ ಹಾಕುವವರು ವರ್ಷವಿಡೀ ಕಾಯುವುದು ಈ ಮೀನಿಗೆ.

ಈಗ ಎಣಿಕೆಗೆ ಬರೋಣ. ಸಮುದ್ರದಿಂದ ಸುಮಾರು 235 ಕಿ.ಮೀ. ಮೇಲೆ ಬಾನವಿಲ್ ಎಂಬ ಅಣೆಕಟ್ಟು ಇದೆ. 1938ರಲ್ಲಿ ಅದು ಶುರುವಾದಾಗಲೇ ಪಕ್ಕದಲ್ಲಿ ಮೀನಿಗಾಗಿ ಮೆಟ್ಟಿಲು ಕಟ್ಟಿದ್ದರು. ಮೆಟ್ಟಿಲು ಎಂದರೆ ಒಂದರ ಮೇಲೊಂದು ನೀರಿನ ತೊಟ್ಟಿಗಳು, ಒಂದಕ್ಕಿಂತ ಇನ್ನೊಂದು ಸುಮಾರು ಒಂದು ಅಡಿ ಎತ್ತರ. ಮೀನು ತೊಟ್ಟಿಯಿಂದ ತೊಟ್ಟಿಗೆ ಈಜುತ್ತಾ ಅಣೆಕಟ್ಟು ದಾಟುತ್ತದೆ. ಮೇಲೆ ಒಂದು ಕಡೆ ದಾರಿ ಕಿರಿದಾಗುತ್ತದೆ, ಅಲ್ಲಿ ಗೋಡೆಗೆ ಗಾಜಿನ ಕಿಟಕಿ. ಕಿಟಕಿಯ ಈಚೆ ಒಬ್ಬರು ಕೂತು, ಹೋದ ಮೀನು ಯಾವುದೆಂದು ನೋಡಿ ಆಯಾ ಜಾತಿಯ ಗುಂಡಿ ಒತ್ತುತ್ತಾರೆ. 1938ರಿಂದ ಈ ಲೆಕ್ಕ ಇದೆ. ಒಬ್ಬರೇ ನೋಡುತ್ತಾ ಕೂತರೆ ಕಣ್ಣು ಸೋಲುತ್ತದೆ, ಅದಕ್ಕೆ ಗಂಟೆಗೆ 50 ನಿಮಿಷ ಎಣಿಸಿ 10 ನಿಮಿಷ ವಿಶ್ರಾಂತಿ ಕೊಡುವ ಪದ್ಧತಿ. ಆ ಹತ್ತು ನಿಮಿಷದ ಮೀನು ಎಲ್ಲಿ ಹೋಯಿತು? ನಮ್ಮ ತ್ರೈರಾಶಿ ಲೆಕ್ಕವೇ. 50 ನಿಮಿಷಕ್ಕೆ 150 ಮೀನಾದರೆ 60 ನಿಮಿಷಕ್ಕೆ 180.

ಮೀನಿನ ಜೊತೆಗೆ ನೀರನ್ನೂ ದಿನವೂ ಅಳೆಯುತ್ತಾರೆ: ಎಷ್ಟು ಹರಿಯುತ್ತಿದೆ, ಎಷ್ಟು ಬಿಸಿ, ಎಷ್ಟು ಕಲಕಿದೆ. ಕಲಕು ಅಳೆಯುವ ಸಾಧನ ಬಹಳ ಸರಳ. ಕಪ್ಪು ಬಿಳುಪು ಬಳಿದ ಒಂದು ತಟ್ಟೆಯನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಡುವುದು. ಎಷ್ಟು ಆಳಕ್ಕೆ ಕಣ್ಣಿಗೆ ಕಾಣದಾಯಿತೋ ಅದೇ ಅಳತೆ. ಇಟಲಿಯ ಸೆಕ್ಕಿ ಎಂಬ ವಿಜ್ಞಾನಿ 1865ರಲ್ಲಿ ಇದನ್ನು ಸಮುದ್ರದಲ್ಲಿ ಪ್ರಯೋಗಿಸಿದರು, ಹಾಗಾಗಿ ಸೆಕ್ಕಿ ತಟ್ಟೆ ಎನ್ನುತ್ತಾರೆ. ಗಾಳದವರಿಗೆ ಈ ಅಂಕಿಗಳು ಪಂಚಾಂಗ ಇದ್ದಂತೆ. ನೀರು ತೀರಾ ತಿಳಿಯಾಗಿದ್ದರೆ ಮೀನು ಹೆದರುತ್ತದೆ, ತೀರಾ ಕೆಸರಾದರೆ ಗಾಳವೇ ಕಾಣುವುದಿಲ್ಲ. ಉಕ್ಕಿದ ನೀರು ಇಳಿಯತೊಡಗಿ, ಸ್ವಲ್ಪ ಹಸಿರು ಬಣ್ಣಕ್ಕೆ ತಿರುಗಿದಾಗ ಗಾಳಕ್ಕೆ ಒಳ್ಳೆಯದಂತೆ. ಮಳೆ ಬಿಟ್ಟು ಎರಡು ದಿನಕ್ಕೆ ಗಾಳ ಹಾಕು ಅಂತ ನಮ್ಮ ಅಜ್ಜ ಹೇಳುವುದೂ ಇದನ್ನೇ. ಊಟವನ್ನೇ ಬಿಟ್ಟ ಮೀನು ಗಾಳ ಯಾಕೆ ಕಚ್ಚುತ್ತದೆ ಎಂದು ನೀವು ಕೇಳಬಹುದು. ಸಿಟ್ಟಿನಿಂದ ಎಂದು ಕೆಲವರು, ಹಳೆಯ ಅಭ್ಯಾಸದಿಂದ ಎಂದು ಕೆಲವರು ಹೇಳುತ್ತಾರೆ.

ನೀರಿನ ಬಿಸಿ ಮೀನಿಗೆ ಜೀವದ ಪ್ರಶ್ನೆ. 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಲ್ಮನ್‌ಗೆ ಕಷ್ಟ ಶುರು. (ನಮ್ಮ ಮೀನಿಗೆ ಅದು ಚಳಿಗಾಲ!) 2015ರ ಬೇಸಿಗೆಯಲ್ಲಿ ಕೊಲಂಬಿಯಾ ನದಿ ಬಿಸಿಯಾಗಿ ಸಾಕಿಯೆ ಜಾತಿಯ ಸಾಲ್ಮನ್ ಎರಡು ಲಕ್ಷಕ್ಕೂ ಹೆಚ್ಚು ಸತ್ತವು. ಕೆಳಗಿನ ಅಣೆಕಟ್ಟಿನಲ್ಲಿ ಎಣಿಸಿದ್ದು ಎಷ್ಟು, ಮೇಲಿನದರಲ್ಲಿ ಎಣಿಸಿದ್ದು ಎಷ್ಟು ಎಂದು ಕಳೆದು ನೋಡಿದಾಗ ನಡುವೆ ಕಾಣೆಯಾದದ್ದು ಗೊತ್ತಾಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಹಿಡಿಯುವ ನಿಯಮ. ಈ ವರ್ಷ ಎಷ್ಟು ಚಿನೂಕ್ ಬರಬಹುದು ಎಂದು ಮೊದಲೇ ಅಂದಾಜು ಮಾಡುತ್ತಾರೆ. ಅದಕ್ಕೊಂದು ಉಪಾಯ ಇದೆ. ಕೆಲವು ಸಣ್ಣ ಗಂಡು ಮೀನುಗಳು ಜೊತೆಯವರಿಗಿಂತ ಒಂದು ವರ್ಷ ಮೊದಲೇ ಸಮುದ್ರದಿಂದ ಬಂದುಬಿಡುತ್ತವೆ. ಕಿಟಕಿಯಲ್ಲಿ ಅವನ್ನು ಬೇರೆಯಾಗಿ ಎಣಿಸಿ, ಅವು ಹೆಚ್ಚಿದ್ದರೆ ಮುಂದಿನ ವರ್ಷ ದೊಡ್ಡವೂ ಹೆಚ್ಚು ಎಂದು ಲೆಕ್ಕ ಹಾಕುತ್ತಾರೆ. ಆದರೂ ಅಂದಾಜನ್ನು ಪೂರ್ತಿ ನಂಬುವುದಿಲ್ಲ. ಮೊದಲು ಸ್ವಲ್ಪ ಭಾಗಕ್ಕೆ ಮಾತ್ರ ಅಪ್ಪಣೆ. ಮೀನು ನಿಜವಾಗಿ ಕಿಟಕಿ ದಾಟಿದ್ದು ಕಂಡ ಮೇಲೆ ಇನ್ನಷ್ಟು ದಿನ ಬಿಡುತ್ತಾರೆ, ಇಲ್ಲದಿದ್ದರೆ ಗಾಳ ಬಂದ್. ಸಾಕಾಣಿಕೆ ಕೇಂದ್ರದಲ್ಲಿ ಬೆಳೆಸಿ ಬಿಟ್ಟ ಮೀನಿಗೆ ಬೆನ್ನ ಹಿಂದಿನ ಸಣ್ಣ ರೆಕ್ಕೆ ಕತ್ತರಿಸಿರುತ್ತಾರೆ. ಗಾಳಕ್ಕೆ ಸಿಕ್ಕಿದ್ದರಲ್ಲಿ ಆ ರೆಕ್ಕೆ ಇದ್ದರೆ ಅದು ಕಾಡುಮೀನು, ವಾಪಸು ನೀರಿಗೆ ಬಿಡಬೇಕು. ಕೆಲವು ಮರಿಗಳ ಹೊಟ್ಟೆಗೆ ಅಕ್ಕಿ ಕಾಳಿನಷ್ಟೇ ಇರುವ ಗುರುತು ಸೇರಿಸಿ ಬಿಡುತ್ತಾರೆ. ಅದು ವರ್ಷಗಳ ನಂತರ ಯಾವ ಮೆಟ್ಟಿಲು ಹತ್ತಿದರೂ ಯಂತ್ರ ಓದಿ ಹೇಳುತ್ತದೆ.

ಇಷ್ಟೆಲ್ಲ ಓದಿ ಅಮೆರಿಕದವರು ಮಹಾ ಜಾಣರು ಎಂದು ತಿಳಿಯಬೇಡಿ. ಅವರು ಕೆಡಿಸಿದ್ದೂ ಅಷ್ಟೇ ಇದೆ. ಅದೇ ನದಿಯ ಮೇಲೆ ಗ್ರ್ಯಾಂಡ್ ಕೂಲಿ ಎಂಬ ಭಾರೀ ಅಣೆಕಟ್ಟು ಕಟ್ಟುವಾಗ ಮೆಟ್ಟಿಲನ್ನೇ ಇಡಲಿಲ್ಲ. ಅಲ್ಲಿಂದ ಮೇಲಿನ ನದಿಗೆ ಸಾಲ್ಮನ್ ಬರುವುದೇ ನಿಂತಿತು. ಸೆಲೈಲೊ ಎಂಬ ಜಲಪಾತದಲ್ಲಿ ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಮರದ ಅಟ್ಟಣಿಗೆಯ ಮೇಲೆ ನಿಂತು ಬಲೆಯಲ್ಲಿ ಸಾಲ್ಮನ್ ಎತ್ತುತ್ತಿದ್ದರು. ತಮ್ಮ ಹಳೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು 1855ರ ಒಪ್ಪಂದಗಳಲ್ಲಿ ಅವರು ಬರೆಸಿಕೊಂಡಿದ್ದರು. 1957ರ ಮಾರ್ಚ್ 10ರಂದು ಡ್ಯಾಲ್ಸ್ ಅಣೆಕಟ್ಟಿನ ಬಾಗಿಲು ಹಾಕಿದರು. ಕೆಲವೇ ಗಂಟೆಗಳಲ್ಲಿ ಜಲಪಾತ ಮುಳುಗಿತು. ದಡದಲ್ಲಿ ನಿಂತು ಜನ ನೋಡಿದರು. ನಮ್ಮ ಜಿಲ್ಲೆಗಳಲ್ಲಿ ಶರಾವತಿಯ ಹಿನ್ನೀರಿನಿಂದ ಎದ್ದು ಬಂದ ಮನೆತನದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೊಲಂಬಿಯಾಕ್ಕೆ ಸೇರುವ ಸ್ನೇಕ್ ನದಿಯ ಜಲಾನಯನ ಪ್ರದೇಶದಲ್ಲಿ, ಸಮುದ್ರದಿಂದ ಸುಮಾರು 1450 ಕಿ.ಮೀ. ದೂರದಲ್ಲಿ ರೆಡ್‌ಫಿಶ್ ಎಂಬ ಕೆರೆ ಇದೆ. ಕೆಂಪು ಸಾಕಿಯೆ ಮೀನುಗಳಿಂದಲೇ ಬಂದ ಹೆಸರು. 1992ರಲ್ಲಿ ಆ ಕೆರೆಗೆ ಸಮುದ್ರದಿಂದ ಬಂದ ಸಾಕಿಯೆ ಎಷ್ಟು ಗೊತ್ತಾ? ಒಂದು. ಒಂದೇ ಒಂದು ಗಂಡು ಮೀನು. ಜನ ಅದಕ್ಕೆ ಒಂಟಿ ಲ್ಯಾರಿ ಎಂದು ಹೆಸರಿಟ್ಟರು. ಆ ಮೀನಿನ ಬೀಜವನ್ನು ಕಾದಿಟ್ಟು ಮರಿ ಮಾಡಿಸಿ ಸಂತತಿ ಉಳಿಸುವ ಕೆಲಸ ನಡೆಯಿತು. ಎಣಿಸುವವರು ಇರದಿದ್ದರೆ ಈ ವರ್ಷ ಮೀನು ಸ್ವಲ್ಪ ಕಮ್ಮಿ ಅಂತ ಹೇಳಿ ಎಲ್ಲರೂ ಮನೆಗೆ ಹೋಗುತ್ತಿದ್ದರು.

ಒಳ್ಳೆಯ ಸುದ್ದಿಯೂ ಇದೆ. ದಕ್ಷಿಣಕ್ಕೆ ಕ್ಲಾಮತ್ ಎಂಬ ಇನ್ನೊಂದು ಕರಾವಳಿ ನದಿ. 2002ರ ಸೆಪ್ಟೆಂಬರ್‌ನಲ್ಲಿ ನೀರು ಕಮ್ಮಿಯಾಗಿ ಬಿಸಿಯೇರಿ, ಕಿವಿರಿಗೆ ರೋಗ ತಗುಲಿ ಅಲ್ಲಿ 30 ಸಾವಿರಕ್ಕೂ ಹೆಚ್ಚು ದೊಡ್ಡ ಮೀನು ಸತ್ತಿದ್ದವು. ಆ ದಡದ ಮೂಲನಿವಾಸಿಗಳು ಇಪ್ಪತ್ತು ವರ್ಷ ಹೋರಾಡಿದ ಮೇಲೆ ನಾಲ್ಕು ಅಣೆಕಟ್ಟುಗಳನ್ನು ಒಡೆದು ತೆಗೆದರು, 2024ರಲ್ಲಿ ಕೆಲಸ ಮುಗಿಯಿತು. ಅದೇ ಅಕ್ಟೋಬರ್‌ನಲ್ಲಿ, ನೂರಕ್ಕೂ ಹೆಚ್ಚು ವರ್ಷ ಸಾಲ್ಮನ್ ಕಾಣದಿದ್ದ ಮೇಲಿನ ತೊರೆಯಲ್ಲಿ ಚಿನೂಕ್ ಕಾಣಿಸಿತು. ದಾರಿ ಬಿಟ್ಟರೆ ಸಾಕು, ಕರೆಯದೇ ಬರುತ್ತದೆ.

ಇನ್ನು ನಮ್ಮ ಹಳ್ಳದ ಮಾತು. ಔಲು, ಗಿರ್ಲು, ಕುಚ್ಚು, ಮುರುಗೋಡು ಎಲ್ಲ ಗದ್ದೆ ತುಂಬ ಹತ್ತುತ್ತಿದ್ದವು, ಈಗ ಎಲ್ಲಿ ಎಂದು ಹಿರಿಯರು ಪ್ರತಿ ಮಳೆಗಾಲ ಹೇಳುತ್ತಾರೆ. ಇರಬಹುದು. ಆದರೆ ಆಗ ಎಷ್ಟಿತ್ತು, ಈಗ ಎಷ್ಟಿದೆ ಎಂದು ಬರೆದಿಟ್ಟವರು ಯಾರೂ ಇಲ್ಲ. ಹತ್ತಿ ಬರುವ ಮೀನಿನ ಹೊಟ್ಟೆ ತುಂಬ ಮೊಟ್ಟೆ. ಕಾಲುವೆಯ ಬಾಯಿಗೆಲ್ಲ ಕೂಣಿ ಇಟ್ಟು, ಸಂದಿಗೆ ಬಲೆ ಕಟ್ಟಿದರೆ ಒಂದೂ ಮೇಲೆ ಹೋಗುವುದಿಲ್ಲ. ಸಮುದ್ರದಲ್ಲಿ ಮರಿ ಮಾಡುವ ಕಾಲವೆಂದು ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳನ್ನು ಜೂನ್, ಜುಲೈ ಎರಡು ತಿಂಗಳು ನಿಲ್ಲಿಸುತ್ತಾರೆ. ಕೇರಳದಲ್ಲಿ ಹತ್ತುಮೀನಿಗೆ ಊತ್ತ ಎನ್ನುತ್ತಾರೆ, ಅದರ ದಾರಿ ಕಟ್ಟಿ ಹಿಡಿಯುವುದು ಅಲ್ಲಿ ಕಾಯಿದೆಗೆ ವಿರುದ್ಧ. ತೋಟೆ ಹಾಕುವುದು, ನೀರಿಗೆ ವಿಷ ಬೆರೆಸುವುದು ಇವೆರಡನ್ನು 1897ರ ಕಾಯಿದೆಯೇ ನಿಷೇಧಿಸಿತ್ತು. ಬ್ಲೀಚಿಂಗ್ ಪುಡಿ ಹಾಕುವವರು ಇದನ್ನು ಓದಿದರೆ ಒಳ್ಳೆಯದು.

ಈ ವಿಚಾರವನ್ನು ಮನೆಯಲ್ಲಿ ಎತ್ತಿದೆ. ನಮ್ಮ ಮನೆಯಲ್ಲೂ ಕೂಣಿ ಇಡುತ್ತಾರೆ. "ವರ್ಷಕ್ಕೆ ಎರಡು ರಾತ್ರಿ ಮನೆ ಬಾಗಿಲಿಗೆ ಬರೋ ಮೀನು. ಅದನ್ನೂ ಬಿಡು ಅಂತೀಯಲ್ಲ ಮಾರಾಯ, ಪೇಟೆ ಮೀನಿಗೆ ನೀನು ದುಡ್ಡು ಕೊಡ್ತೀಯಾ?" ಎಂದರು ದೊಡ್ಡಪ್ಪ. ಅವರ ಮಾತು ಸುಳ್ಳಲ್ಲ. ಎಲ್ಲವನ್ನೂ ಬಿಡಿ ಎಂದು ನಾನು ಹೇಳುತ್ತಿಲ್ಲ ದೊಡ್ಡಪ್ಪ, ಮೂರು ಕಾಲುವೆಯಲ್ಲಿ ಒಂದನ್ನು ಬಿಡೋಣ ಎಂದೆ. ಅದಕ್ಕೆ ಅವರು ಹೂಂ ಅನ್ನಲಿಲ್ಲ. ಕೊನೆಗೆ, "ಕೂಣಿಗೆ ಬಿದ್ದದ್ದನ್ನು ಎಣಿಸಿ ಹೇಳ್ತೀನಿ, ಬರ್ಕೋ" ಎಂದರು. ಎಣಿಕೆಯಿಂದ ಶುರು ಮಾಡೋಣ ಎಂದು ನಾನು ಗಟ್ಟಿ ಮಾಡಿದ್ದು ಆಗಲೇ. ಲೆಕ್ಕ ಇಲ್ಲದೆ ಯಾರ ಹತ್ತಿರವೂ ವಾದ ಮಾಡಲಾಗದು.

ಗಾಜಿನ ಕಿಟಕಿ ನಮ್ಮಲ್ಲಿಲ್ಲ. ಬೇಕಾಗಿಯೂ ಇಲ್ಲ. ಅಮೆರಿಕದ ಪೂರ್ವ ಕರಾವಳಿಯ ಮ್ಯಾಸಚೂಸೆಟ್ಸ್‌ನಲ್ಲಿ ವಸಂತದಲ್ಲಿ ಹೆರಿಂಗ್ ಮೀನು ತೊರೆ ಹತ್ತುವಾಗ ಊರಿನ ಜನರೇ ಸರದಿಯ ಮೇಲೆ ಹೋಗಿ ಹತ್ತು ಹತ್ತು ನಿಮಿಷ ಎಣಿಸುತ್ತಾರೆ. ಒಂದೂ ಕಾಣದಿದ್ದರೆ ಸೊನ್ನೆ ಎಂದು ಬರೆಯುತ್ತಾರೆ. ಸೊನ್ನೆಯನ್ನು ಬರೆಯದಿದ್ದರೆ ಲೆಕ್ಕವೇ ಕೆಡುತ್ತದೆ, ಇದನ್ನು ಮರೆಯಬಾರದು. ನಮ್ಮ ಕೆಂಪು ನೀರಿನಲ್ಲಿ ಮೀನು ಕಾಣುವುದಿಲ್ಲ, ಆದರೆ ಶಾಲೆಯ ಕೆಳಗಿನ ಮೋರಿಯಲ್ಲಿ ನೀರು ಧುಮುಕುವ ಕಡೆ ಹಾರುವುದು ಚೆನ್ನಾಗಿ ಕಾಣುತ್ತದೆ. ಹಾರಿದ್ದನ್ನು ಎಣಿಸುವುದು. ಬಿದ್ದು ಮತ್ತೆ ಹಾರಿದ್ದೂ ಇನ್ನೊಂದು ಎಂದೇ ಲೆಕ್ಕ. ಇದು ಮೀನಿನ ಲೆಕ್ಕವಲ್ಲ, ಹಾರಿದ ಲೆಕ್ಕ, ಆದರೆ ಪ್ರತಿ ವರ್ಷ ಹೀಗೇ ಎಣಿಸಿದರೆ ಹೋಲಿಸಲು ಬರುತ್ತದೆ. ಮಳೆ ಅಳೆಯಲು ನೇರ ಗೋಡೆಯ ಡಬ್ಬಿ ಮತ್ತು ಅಡಿಪಟ್ಟಿ, ಕಲಕು ನೋಡಲು ಡಾಲ್ಡಾ ಡಬ್ಬಿಯ ಮುಚ್ಚಳಕ್ಕೆ ಕಪ್ಪು ಬಿಳುಪು ಬಣ್ಣ. ಉಷ್ಣಮಾಪಕವನ್ನು ಪ್ರಯೋಗದ ಪೆಟ್ಟಿಗೆಯಿಂದ ಕೊಡುತ್ತೇನೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದ್ದಾರೆ, ಒಡೆದರೆ ಒಡೆದವರೇ ಹೊಣೆ.

ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಒಂದು ಸಲ, ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಸಲ, ಹತ್ತು ಹತ್ತು ನಿಮಿಷ. ಇಬ್ಬಿಬ್ಬರು ಒಟ್ಟಿಗೆ ಹೋಗಬೇಕು, ಮೋರಿಯ ಕಟ್ಟೆಯ ಮೇಲೆಯೇ ನಿಲ್ಲಬೇಕು, ನೀರಿಗೆ ಇಳಿಯುವಂತಿಲ್ಲ. ಮೊದಲ ಮಳೆಯಿಂದ ಹದಿನೈದು ದಿನಕ್ಕೆ ಹದಿನೈದು ಜೋಡಿ ಬೇಕು, ಈಗ ಆರು ಜೋಡಿ ಆಗಿದೆ. ಮನೆಯಲ್ಲಿ ಕೂಣಿ ಇಡುವವರು ಬಿದ್ದ ಮೀನಿನ ಜಾತಿ ಮತ್ತು ಎಣಿಕೆ ತಂದರೆ ಸಾಕು, ಯಾರ ಮನೆಯದೆಂದು ಬರೆಯುವುದಿಲ್ಲ. ಬರುವವರು ಈ ಹಾಳೆಯ ಕೆಳಗೆ ಪೆನ್ಸಿಲ್‌ನಲ್ಲಿ ಹೆಸರು ಹಾಕಿ. ಕೊಡೆ ನಿಮ್ಮದೇ ತರಬೇಕು.