ಧ್ರುವ ಇಂಟರಾಕ್ಟಿವ್: ಬೆಂಗಳೂರಿನ ಗೇಮ್ ಸ್ಟುಡಿಯೊ

ಭಾರತದ ವಿಡಿಯೊ ಗೇಮ್ ಉದ್ಯಮದ ಆರಂಭದ ಬಗ್ಗೆ ಪ್ರಶ್ನೆ ಬಂದರೆ ನೆನಪಿಡಬೇಕಾದ ಹೆಸರು ಧ್ರುವ ಇಂಟರಾಕ್ಟಿವ್. ಸ್ಥಾಪನೆ 1997, ಬೆಂಗಳೂರು. ಸ್ಥಾಪಕ ರಾಜೇಶ್ ರಾವ್. ಸ್ವಂತ ಆಟಗಳಿಗಿಂತ ಹೆಚ್ಚಾಗಿ ವಿದೇಶಿ ಸ್ಟುಡಿಯೊಗಳಿಗೆ ಕಾರು, ಪಾತ್ರ, ಕಟ್ಟಡಗಳ ತ್ರಿಆಯಾಮ ಚಿತ್ರಣ ಮಾಡಿಕೊಟ್ಟು ಇದು ಬೆಳೆಯಿತು. ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಕಾರ್ ರೇಸ್ ಸರಣಿ ಅದಕ್ಕೆ ಉದಾಹರಣೆ. ಥಾಮಸ್ ಫ್ರೀಡ್‌ಮನ್ ಅವರ ‘ದಿ ವರ್ಲ್ಡ್ ಈಸ್ ಫ್ಲಾಟ್’ (2005) ಕೃತಿಯಲ್ಲಿ ಈ ಕಂಪನಿಯ ಪ್ರಸ್ತಾಪವಿದೆ.

ಗೊಂದಲವಾಗುವುದು ಒಡೆತನದ ವಿಷಯದಲ್ಲಿ. 2016ರ ಕೊನೆಯಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಇದರ ಬಹುಪಾಲು ಷೇರು ಕೊಳ್ಳುವುದಾಗಿ ಘೋಷಿಸಿತು. ಆದರೆ ಆ ಕಂಪನಿಯೇ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿ, 2019ರಲ್ಲಿ ಧ್ರುವವನ್ನು ಸುಮಾರು 79 ಲಕ್ಷ ಡಾಲರ್‌ಗೆ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಿತು. ಬೆಂಗಳೂರಿನಲ್ಲಿ ಮೊದಲೇ ಇದ್ದ ರಾಕ್‌ಸ್ಟಾರ್ ಇಂಡಿಯಾದಲ್ಲಿ ಧ್ರುವ ಸೇರಿಹೋಯಿತು.

ರಾಕ್‌ಸ್ಟಾರ್: ಸ್ಥಾಪನೆ 1998, ಕೇಂದ್ರ ನ್ಯೂಯಾರ್ಕ್, ಮಾತೃಸಂಸ್ಥೆ ಟೇಕ್-ಟು, ಪ್ರಸಿದ್ಧ ಸರಣಿ ‘ಗ್ರ್ಯಾಂಡ್ ಥೆಫ್ಟ್ ಆಟೊ’.

ಪುತ್ತೂರು, ಸುಳ್ಯ, ಕಡಬದಿಂದ ಕೆಎಎಸ್, ಪಿಡಿಒ ಪರೀಕ್ಷೆಗೆ ಕೂರುವವರು ಕಂಪನಿಯ ಇತಿಹಾಸಕ್ಕಿಂತ ರಾಜ್ಯದ ನೀತಿಯನ್ನು ಗಟ್ಟಿ ಮಾಡಿಕೊಳ್ಳುವುದು ಲಾಭ. ಪ್ರಶ್ನೆ ತೆಗೆಯುವವರಿಗೆ ಅದೇ ಇಷ್ಟ. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆ, ಅಂದರೆ ಎವಿಜಿಸಿಗೆ, ದೇಶದಲ್ಲೇ ಮೊದಲು ಪ್ರತ್ಯೇಕ ನೀತಿ ತಂದ ರಾಜ್ಯ ಕರ್ನಾಟಕ (2012). ಈಗಿನದು 2024–29ರ ಎವಿಜಿಸಿ-ಎಕ್ಸ್‌ಆರ್ (ಎಕ್ಸ್‌ಟೆಂಡೆಡ್ ರಿಯಾಲಿಟಿ) ನೀತಿ.